ಹೇಳುವ ವ್ಯಾಸ, ಬರೆಯುವ ಯಂತ್ರ

ಮಹಾಭಾರತವನ್ನು ವ್ಯಾಸರು ಬರೆಯಲಿಲ್ಲ, ಹೇಳಿದರು, ಬರೆದವನು ಗಣಪತಿ. ಈ ಕಥೆಯನ್ನು ಬಾಲ್ಯದಲ್ಲಿ ಕೇಳದೆ ಬೆಳೆದ ಕನ್ನಡಿಗರು ವಿರಳ. ಪುಣೆಯ ಭಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು ಅನೇಕಾನೇಕ ಹಸ್ತಪ್ರತಿಗಳನ್ನು ತಾಳೆನೋಡಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಈ ಪ್ರಸಂಗವನ್ನು ಪ್ರಕ್ಷಿಪ್ತವೆಂದು ಬಗೆದು ಮೂಲಪಾಠದಿಂದ ಹೊರಗಿಟ್ಟಿದ್ದಾರೆ. ಹೊರಗಿಡಲಿ, ಪಾಂಡಿತ್ಯಕ್ಕೆ ಅದರದೇ ಆದ ನ್ಯಾಯ ಉಂಟು. ಆದರೆ ಯಾರೋ ಒಬ್ಬ ಅಜ್ಞಾತ ಲಿಪಿಕಾರನೇ ಇದನ್ನು ಕಟ್ಟಿ ಸೇರಿಸಿದ್ದಾದರೆ, ಹೇಳುವವನಿಗೂ ಬರೆಯುವವನಿಗೂ ಇರಬೇಕಾದ ಸಂಬಂಧವನ್ನು ಆತ ಚೆನ್ನಾಗಿ ಬಲ್ಲವನಾಗಿದ್ದ ಎನ್ನಲೇಬೇಕು.

ಕಥೆಯಲ್ಲಿ ಎರಡು ಕರಾರುಗಳಿವೆ. ನನ್ನ ಲೇಖನಿ ನಿಲ್ಲದಂತೆ ನೀವು ಹೇಳುತ್ತಾ ಹೋಗಬೇಕು ಎಂಬುದು ಗಣಪತಿಯದು. ಅರ್ಥವಾಗದ ಹೊರತು ಒಂದಕ್ಷರವನ್ನೂ ಬರೆಯಕೂಡದು ಎಂಬುದು ವ್ಯಾಸರದು. ಮೊದಲನೆಯ ಕರಾರು ಬರೆಯುವವನ ಹೆಮ್ಮೆ, ಎರಡನೆಯದು ಹೇಳುವವನ ರಕ್ಷೆ. ಗಣಪತಿ ಗಂಟುಪದ್ಯಗಳ ಅರ್ಥ ಬಿಡಿಸುತ್ತ ತಲೆ ಕೆರೆದುಕೊಳ್ಳುವಷ್ಟರಲ್ಲಿ ವ್ಯಾಸರು ಮುಂದಿನದನ್ನು ಯೋಚಿಸಿಕೊಳ್ಳುತ್ತಿದ್ದರಂತೆ.

ಇಂದು ನಮ್ಮ ವಿದ್ಯಾರ್ಥಿಗಳ ಅಂಗೈಯಲ್ಲಿ ಒಂದು ಹೊಸ ಗಣಪತಿ ಕುಳಿತಿದೆ. ಫೋನನ್ನು ಬಾಯಿಯ ಬಳಿ ಹಿಡಿದು ಕನ್ನಡದಲ್ಲಿ ಮಾತಾಡಿದರೆ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತದೆ. ಮೊದಲನೆಯ ಕರಾರನ್ನು ಇದು ಹಳೆಯ ಗಣಪತಿಗಿಂತ ಬಿಗಿಯಾಗಿ ಪಾಲಿಸುತ್ತದೆ. ಯೋಚಿಸಲೆಂದು ನಾವು ತುಸು ಹೊತ್ತು ಸುಮ್ಮನಾದರೆ ಕಿವಿ ಮುಚ್ಚಿಕೊಂಡು ಕುಳಿತುಬಿಡುತ್ತದೆ. ಎರಡನೆಯ ಕರಾರಿನ ಸುದ್ದಿಯೇ ಇದಕ್ಕೆ ತಿಳಿಯದು. ನಾನು ಹೇಳಬೇಕಾಗಿರುವುದೆಲ್ಲ ಈ ಎರಡನೆಯ ಕರಾರನ್ನು ಕುರಿತದ್ದು.

ಕಿರುಪ್ರಬಂಧ, ಸಂಶೋಧನ ಲೇಖನ, ಪಿಎಚ್.ಡಿ. ಮಹಾಪ್ರಬಂಧ ಇಂಥ ದೀರ್ಘ ಬರವಣಿಗೆಗಳನ್ನು ಕೈಯಿಂದ ಟೈಪು ಮಾಡದೆ ಹೀಗೆ ಬಾಯಿಂದ ಹೇಳಿ ಬರೆಸಬಹುದೇ ಎಂಬ ಚರ್ಚೆ ಈಗ ಅಧ್ಯಾಪಕರ ಕೊಠಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ನನ್ನ ಹಿರಿಯ ಮಿತ್ರರೊಬ್ಬರು ಇದನ್ನು ಸೋಮಾರಿತನದ ಪರಾಕಾಷ್ಠೆ ಎನ್ನುತ್ತಾರೆ. ಕೈ ನೋಯದೆ ಬರೆದದ್ದು ಬರಹವೇ ಅಲ್ಲವೆಂಬುದು ಅವರ ಸಿದ್ಧಾಂತ. ನಾನು ಅವರ ಮಾತನ್ನು ಒಪ್ಪಲಾರೆ. ಹೇಳಿ ಬರೆಸುವುದು ಸೋಮಾರಿಗಳ ಕಸುಬಾಗಿದ್ದರೆ ಜಗತ್ತಿನ ಸಾಹಿತ್ಯದ ದೊಡ್ಡ ಭಾಗವೊಂದನ್ನು ಸೋಮಾರಿಗಳ ಲೆಕ್ಕಕ್ಕೆ ಬರೆದಿಡಬೇಕಾಗುತ್ತದೆ. ಕಣ್ಣು ಕಳೆದುಕೊಂಡ ಮಿಲ್ಟನ್ ಇರುಳೆಲ್ಲ ಮನಸ್ಸಿನಲ್ಲೇ ಸಾಲುಗಳನ್ನು ಕಟ್ಟಿ, ಬೆಳಗಾದ ಮೇಲೆ ಬಂದವರ ಕೈಯಲ್ಲಿ ಬರೆಸುತ್ತಿದ್ದ. 1667ರಲ್ಲಿ ಪ್ರಕಟವಾದ ಅವನ ಮಹಾಕಾವ್ಯ ಹುಟ್ಟಿದ್ದು ಹಾಗೆ. ದಾಸ್ತೊಯೆವ್‌ಸ್ಕಿ 1866ರ ಅಕ್ಟೋಬರಿನಲ್ಲಿ, ಪ್ರಕಾಶಕನ ಗಡುವಿಗೆ ಹೆದರಿ, ‘ಜೂಜುಕೋರ’ ಕಾದಂಬರಿಯನ್ನು ಶೀಘ್ರಲಿಪಿ ಬಲ್ಲ ಆನ್ನಾ ಎಂಬ ತರುಣಿಗೆ 26 ದಿನಗಳಲ್ಲಿ ಹೇಳಿ ಮುಗಿಸಿದ. ಮರುವರ್ಷ ಆಕೆಯನ್ನೇ ಮದುವೆಯಾದ. ನಮ್ಮಲ್ಲಿ ಶಿವರಾಮ ಕಾರಂತರ ಕೊನೆಯ ದಶಕಗಳ ಬರವಣಿಗೆಗೆ ಲಿಪಿಕಾರರಾಗಿ ಮಾಲಿನಿ ಮಲ್ಯರು ಸಲ್ಲಿಸಿದ ಸೇವೆಯನ್ನು ಬಲ್ಲವರು ಬಲ್ಲರು.

ಈ ಎಲ್ಲ ಉದಾಹರಣೆಗಳಲ್ಲಿ ಬರೆಯುವವರು ಮನುಷ್ಯರಾಗಿದ್ದರು ಎಂಬುದನ್ನು ಮಾತ್ರ ಮರೆಯಬಾರದು. ಅವರು ತಲೆಯೆತ್ತಿ ನೋಡುತ್ತಿದ್ದರು, ಹುಬ್ಬು ಗಂಟಿಕ್ಕುತ್ತಿದ್ದರು, ‘ಈಗ ಹೇಳಿದ್ದು ಹಿಂದೆ ಹೇಳಿದ್ದಕ್ಕೆ ಹೊಂದುವುದಿಲ್ಲವಲ್ಲ’ ಎಂದು ಕೇಳಬಲ್ಲವರಾಗಿದ್ದರು. ಮಿಲ್ಟನ್ನನ ಮನೆಯಲ್ಲೇ ಇದಕ್ಕೆ ವಿರುದ್ಧವಾದ ಚಿತ್ರವೂ ಸಿಗುತ್ತದೆ. ಆತ ತನ್ನ ಹೆಣ್ಣುಮಕ್ಕಳಿಗೆ ಹಲವು ಭಾಷೆಗಳ ಉಚ್ಚಾರಣೆಯನ್ನಷ್ಟೇ ಕಲಿಸಿ, ಅರ್ಥವನ್ನು ಕಲಿಸದೆ, ಪುಸ್ತಕಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದನಂತೆ. ಆ ಮಕ್ಕಳಿಗೆ ಅದೊಂದು ದೊಡ್ಡ ಶಿಕ್ಷೆಯಾಗಿತ್ತೆಂದು ಅವನ ಸೋದರಳಿಯ ಬರೆದಿದ್ದಾನೆ. ಅರ್ಥವರಿಯದೆ ಅಕ್ಷರವನ್ನು ಹೊರುವುದು ಮನುಷ್ಯರಿಗೆ ಶಿಕ್ಷೆ. ಯಂತ್ರಕ್ಕೆ ಅದೇ ಸ್ವಭಾವ.

ಆದರೂ ನಾನು ಯಂತ್ರದ ಪರವಾಗಿ ಮೊದಲು ಮಾತಾಡಬೇಕು. ಬಾಣಾವರದಂಥ ಊರಿನಲ್ಲಿ ಕುಳಿತು ನೋಡಿದವರಿಗೆ ಇದರ ಉಪಕಾರ ಸುಲಭವಾಗಿ ತಿಳಿಯುತ್ತದೆ. ನಮ್ಮ ಸೀಮೆಯ ಹಳ್ಳಿಗಳಿಂದ ಬಂದು ಕನ್ನಡ ಎಂ.ಎ. ಮಾಡುವ ವಿದ್ಯಾರ್ಥಿ ಪ್ರಬಂಧ ಬರೆಯುವ ಬಗೆ ಇತ್ತೀಚಿನವರೆಗೆ ಹೀಗಿತ್ತು. ಮೊದಲು ಕಾಗದದ ಮೇಲೆ ಕೈಬರಹ. ಆಮೇಲೆ ಅದನ್ನು ಹೊತ್ತುಕೊಂಡು ರೈಲಿನಲ್ಲೋ ಬಸ್ಸಿನಲ್ಲೋ ಅರಸೀಕೆರೆಯ ಅಥವಾ ಹಾಸನದ ಡಿ.ಟಿ.ಪಿ. ಅಂಗಡಿಗೆ ಪ್ರಯಾಣ. ಅಲ್ಲಿ ಪುಟಕ್ಕೆ ಇಷ್ಟೆಂದು ದರ. ಮದುವೆಯ ಕರೆಯೋಲೆಗಳ ಕಾಲವಾದರೆ ಪ್ರಬಂಧಕ್ಕೆ ಸರದಿ ಬರುವುದೇ ಇಲ್ಲ. ಕೊನೆಗೆ ಕೈಗೆ ಬಂದ ಕರಡಿನಲ್ಲಿ ಒತ್ತಕ್ಷರಗಳು ಊರು ಬಿಟ್ಟಿರುತ್ತವೆ, ಅರ್ಕಾವೊತ್ತು ಮನಬಂದ ಕಡೆ ಕುಳಿತಿರುತ್ತದೆ. ತಿದ್ದಿಸಲು ಮತ್ತೊಂದು ಪ್ರಯಾಣ. ಬಡವರ ಮನೆಯ ಹುಡುಗಿಯೊಬ್ಬಳು ಮೂರನೆಯ ಸಲ ಬಸ್ಸಿನ ಖರ್ಚಿಗೆ ಹಣವಿಲ್ಲದೆ ತಪ್ಪುಗಳ ಸಮೇತ ಪ್ರಬಂಧವನ್ನು ಒಪ್ಪಿಸಿದರೆ, ಪರೀಕ್ಷಕರು ಅವಳ ಕನ್ನಡ ಕೆಟ್ಟದ್ದೆಂದು ಷರಾ ಬರೆಯುತ್ತಾರೆ.

ತಾನೇ ಟೈಪು ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಕನ್ನಡದ ಧ್ವನಿಕ್ರಮವನ್ನೇ ಅನುಸರಿಸುವಂಥದು. ನುಡಿ, ಬರಹ ಮೊದಲಾದ ತಂತ್ರಾಂಶಗಳಿಂದ ಕನ್ನಡಕ್ಕೆ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಕೀಲಿಮಣೆ ಕೈಗೆ ಹತ್ತಬೇಕಾದರೆ ಮನೆಯಲ್ಲೊಂದು ಕಂಪ್ಯೂಟರು ಬೇಕು, ಅಭ್ಯಾಸಕ್ಕೆ ತಿಂಗಳುಗಳು ಬೇಕು. ಫೋನು ಮಾತ್ರ ಇರುವವರಿಗೆ ಹೆಬ್ಬೆರಳಿನಿಂದ ಇನ್ನೂರು ಪುಟ ಕುಟ್ಟುವುದು ಆಗುವ ಹೋಗುವ ಮಾತಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗಳ ಪಾಡಂತೂ ಬೇರೆಯೇ. ಇಷ್ಟು ಕಾಲ ಅವರು ಲಿಪಿಕಾರರ ಬಿಡುವಿಗೂ ದಾಕ್ಷಿಣ್ಯಕ್ಕೂ ಕಾಯಬೇಕಾಗಿತ್ತು. ತಮಗೆ ತೋಚಿದ ಹೊತ್ತಿನಲ್ಲಿ, ತಮ್ಮದೇ ಕೋಣೆಯಲ್ಲಿ ಕುಳಿತು ತಮ್ಮ ವಿಚಾರವನ್ನು ಅಕ್ಷರಕ್ಕಿಳಿಸುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿರುವುದು ಈ ಯಂತ್ರದಿಂದ. ಇದೊಂದು ಕಾರಣಕ್ಕಾಗಿಯೇ ಆದರೂ ಇದನ್ನು ಕಾಲೇಜಿನಿಂದ ಹೊರಗಟ್ಟುವ ಮಾತಿಗೆ ನನ್ನ ಒಪ್ಪಿಗೆಯಿಲ್ಲ.

ಈ ಸೌಲಭ್ಯ ಕನ್ನಡಕ್ಕೆ ಬಂದದ್ದು ತಡವಾಗಿ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ 1952ರಲ್ಲಿ ಒಂದು ಯಂತ್ರ ಒಬ್ಬನೇ ಮನುಷ್ಯನ ದನಿಯಲ್ಲಿ ಅಂಕಿಗಳನ್ನು ಗುರುತಿಸಿತು. 1962ರಲ್ಲಿ ಐ.ಬಿ.ಎಂ. ಕಂಪನಿ ಪ್ರದರ್ಶಿಸಿದ ಯಂತ್ರಕ್ಕೆ ತಿಳಿಯುತ್ತಿದ್ದುದು 16 ಶಬ್ದಗಳು. ಇಂಗ್ಲಿಷಿನಲ್ಲಿ ತಡೆಯಿಲ್ಲದೆ ಮಾತಾಡಿ ಬರೆಸುವ ಡ್ರ್ಯಾಗನ್ ಎಂಬ ತಂತ್ರಾಂಶ 1997ರಲ್ಲಿ ಮಾರುಕಟ್ಟೆಗೆ ಬಂತು. ಗೂಗಲ್ ಸಂಸ್ಥೆ ತನ್ನ ಧ್ವನಿಬರಹದ ಸೌಲಭ್ಯವನ್ನು ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದ್ದು 2017ರ ಆಗಸ್ಟಿನಲ್ಲಿ. ಇಂಗ್ಲಿಷಿಗೂ ನಮಗೂ ನಡುವೆ ಇಪ್ಪತ್ತು ವರ್ಷದ ಅಂತರ.

ಹಾಗಿದ್ದರೂ, ಈ ಯಂತ್ರ ಮಾಡುವ ಕೆಲಸದ ಸ್ವರೂಪವನ್ನು ನಮ್ಮ ನೆರೆಯವನೊಬ್ಬ ಎಂಟು ಶತಮಾನಗಳಷ್ಟು ಹಿಂದೆಯೇ ಗುರುತಿಸಿದ್ದ. ನಮ್ಮ ಬಾಣಾವರದ ನೆರೆಯ ಹಳೇಬೀಡು ದೋರಸಮುದ್ರವೆಂಬ ಹೆಸರಿನಿಂದ ರಾಜಧಾನಿಯಾಗಿದ್ದ ಕಾಲದಲ್ಲಿ, ಹದಿಮೂರನೆಯ ಶತಮಾನದ ನಡುವಿನಲ್ಲಿ, ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ವನ್ನು ಬರೆದ. ಅವನ ವ್ಯಾಕರಣ ಆರಂಭವಾಗುವುದು ಧ್ವನಿ ಹುಟ್ಟುವ ಬಗೆಯಿಂದ. ದೇಹವೇ ವಾದ್ಯ, ನಾಲಗೆ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ ಎಂಬುದು ಅವನ ಕಲ್ಪನೆ. ಅನಂತರ ಅವನು ಅಕ್ಷರಕ್ಕೆ ಎರಡು ರೂಪಗಳನ್ನು ಹೇಳುತ್ತಾನೆ: ಕಿವಿಗೆ ಕೇಳುವುದು ಶ್ರಾವಣ, ಕಣ್ಣಿಗೆ ಕಾಣುವುದು ಚಾಕ್ಷುಷ. ಶ್ರಾವಣವನ್ನು ಚಾಕ್ಷುಷವಾಗಿಸುವುದೇ ಈ ಹೊಸ ಯಂತ್ರದ ಕೆಲಸ. ಇಷ್ಟು ಚೊಕ್ಕವಾದ ಪಾರಿಭಾಷಿಕ ಶಬ್ದಗಳು ನಮ್ಮಲ್ಲಿರುವಾಗ ‘ವಾಯ್ಸ್ ಟೈಪಿಂಗ್’ ಎಂದು ತೊದಲುವುದೇಕೋ ತಿಳಿಯದು. ಅದಿರಲಿ. ಕೇಶಿರಾಜನ ವಾದ್ಯಕ್ಕೆ ನುಡಿಸುವವನಿದ್ದಾನೆ; ಈ ಯಂತ್ರದೊಳಗೆ ಕೇಳುವವನಿಲ್ಲ ಎಂಬಲ್ಲಿ ಕಷ್ಟ ಶುರುವಾಗುತ್ತದೆ.

ಯಂತ್ರ ಕೇಳುವ ಬಗೆಯನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ. ನಮ್ಮ ಮಾತನ್ನು ಅದು ಅತಿ ಸಣ್ಣ ಚೂರುಗಳಾಗಿ ಕತ್ತರಿಸುತ್ತದೆ. ಹಿಂದೆ ಅದಕ್ಕೆ ಕೇಳಿಸಿರುವ ಸಾವಿರಾರು ಗಂಟೆಗಳ ಮಾತನ್ನೂ, ಆ ಮಾತಿನ ಬರಹರೂಪವನ್ನೂ ಆಧರಿಸಿ, ಈ ಚೂರುಗಳು ಯಾವ ಶಬ್ದವಾಗಿರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತದೆ. ಯಾವ ಶಬ್ದದ ಪಕ್ಕದಲ್ಲಿ ಯಾವ ಶಬ್ದ ಬರುವುದು ವಾಡಿಕೆ ಎಂಬ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ಒಟ್ಟಿನಲ್ಲಿ ಅದು ಬರೆಯುವುದು ನಾವು ಹೇಳಿದ್ದನ್ನು ಎನ್ನುವುದಕ್ಕಿಂತ, ಸಾಮಾನ್ಯವಾಗಿ ಜನ ಹೇಳುವುದನ್ನು ಎನ್ನುವುದು ಹೆಚ್ಚು ಸರಿ.

ಇದರ ಫಲವನ್ನು ಕನ್ನಡ ಸಾಹಿತ್ಯದ ಪ್ರಬಂಧವೊಂದನ್ನು ಹೇಳಿ ಬರೆಸಿದವರು ತಕ್ಷಣ ಕಾಣುತ್ತಾರೆ. ನಾನು ಬಳಸಿ ನೋಡಿದ ತಂತ್ರಾಂಶವೊಂದು ‘ಚಂಪೂ ಕಾವ್ಯ’ವನ್ನು ‘ಶಾಂಪೂ ಕಾವ್ಯ’ ಮಾಡಿತು. ಪಂಪನ ಕಾಲ ‘ಪಂಪಿನ ಕಾಲ’ವಾಯಿತು, ಕೊಳವೆಬಾವಿಗಳ ಈ ಸೀಮೆಯಲ್ಲಿ ಅದನ್ನು ತಪ್ಪೆನ್ನಲೂ ಸಂಕೋಚ. ದೋರಸಮುದ್ರ ‘ದೂರ ಸಮುದ್ರ’ವಾಯಿತು, ನಮ್ಮೂರು ‘ಬಾಣ ಅವರ’ ಆಯಿತು. ಹರಿಹರನ ರಗಳೆಗಳನ್ನು ಕುರಿತು ಹೇಳುವಾಗ ಮಾತ್ರ ‘ರಗಳೆ’ ಎಂಬ ಮಾತನ್ನು ಅದು ಒಮ್ಮೆಯೂ ತಪ್ಪಲಿಲ್ಲ. ನಿತ್ಯಜೀವನದಲ್ಲಿ ಅದರ ಬಳಕೆ ಅಷ್ಟಿದೆಯಷ್ಟೆ.

ನಕ್ಕು ಬಿಡಬಹುದಾದ ಸಂಗತಿಗಳಿವು ಎನ್ನಿಸಬಹುದು. ನಗು ಬರುವ ತಪ್ಪುಗಳಿಂದ ಅಪಾಯವಿಲ್ಲ, ನಿಜ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠವಾಗಿ ಓದಿದವರಿಗೆ ಲಿಪಿಕಾರರ ತಪ್ಪುಗಳು ಎಷ್ಟು ಬಗೆಯವೆಂಬುದು ನೆನಪಿರುತ್ತದೆ. ಓಲೆಗರಿಯನ್ನು ನೋಡಿ ನಕಲು ಮಾಡುವವನದು ಕಣ್ಣಿನ ತಪ್ಪು. ಒಬ್ಬ ಓದುತ್ತಿರಲು ಕೇಳಿ ಬರೆಯುವವನದು ಕಿವಿಯ ತಪ್ಪು. ಎರಡರಲ್ಲೂ ಕೆಟ್ಟ ಶಬ್ದ ಬಹುಮಟ್ಟಿಗೆ ಕೆಟ್ಟದ್ದಾಗಿಯೇ ಕಾಣುತ್ತಿತ್ತು. ಸಂಪಾದಕನ ಕಣ್ಣಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಟೈಪು ಮಾಡುವಾಗಿನ ತಪ್ಪೂ ಅಂಥದೇ, ಅಕ್ಷರ ಜಾರಿ ಶಬ್ದ ವಿಕಾರವಾಗಿರುತ್ತದೆ. ಯಂತ್ರದ ತಪ್ಪು ಹಾಗಲ್ಲ. ಅದು ಬರೆಯುವ ಪ್ರತಿಯೊಂದು ತಪ್ಪು ಶಬ್ದವೂ ನಿಘಂಟಿನಲ್ಲಿ ಸಿಗುವ ಸರಿಯಾದ ಶಬ್ದ. ಕಾಗುಣಿತ ಶುದ್ಧ, ಒತ್ತು ಶುದ್ಧ. ವಚನ ‘ವಾಚನ’ವಾಗಿರುತ್ತದೆ, ಕವಿ ‘ಕಿವಿ’ಯಾಗಿರುತ್ತಾನೆ. ಬೇಗ ಬೇಗ ಓದುವ ಕಣ್ಣು ಸಲೀಸಾಗಿ ದಾಟಿ ಹೋಗುತ್ತದೆ. ಆಮೇಲೆ ಈ ಪ್ರಬಂಧವನ್ನು ಇನ್ನೊಬ್ಬ ಸಂಶೋಧಕ ಆಕರವಾಗಿ ಉದ್ಧರಿಸುತ್ತಾನೆ. ತಪ್ಪು ವಂಶೋದ್ಧಾರಕನಂತೆ ಬೆಳೆಯುತ್ತದೆ.

ಹಳಗನ್ನಡದ ಪಾಡು ಇನ್ನೂ ಕಠಿಣ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಈ ವ್ಯತ್ಯಾಸ ಕೇಶಿರಾಜನ ಕಾಲಕ್ಕೇ ಅಳಿಸಿಹೋಗುತ್ತಿದ್ದುದರಿಂದಲೇ ಅವನು ೞಕಾರ ಬರುವ ಶಬ್ದಗಳ ಪಟ್ಟಿಯನ್ನು ಕೊಟ್ಟ. ಇಂದು ಯಾರ ನಾಲಗೆಯಲ್ಲೂ ಇಲ್ಲದ ಆ ಧ್ವನಿಯನ್ನು ಯಂತ್ರ ಎಲ್ಲಿಂದ ಕೇಳಬೇಕು? ಕಂಪ್ಯೂಟರುಗಳ ಜಾಗತಿಕ ಲಿಪಿಸಂಕೇತವಾದ ಯೂನಿಕೋಡಿನಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ಇದೆ. ಆದರೆ ಹೆಸರಿಡುವಾಗ ಯಾರೋ ತಪ್ಪಿ ಇದನ್ನು ‘ಫ’ ಎಂದು ಕರೆದುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಪಕ್ಕದಲ್ಲೊಂದು ತಿದ್ದುಪಡಿಯ ಹೆಸರನ್ನು ಸೇರಿಸಿ ಸುಮ್ಮನಾಗಬೇಕಾಯಿತು. ಲಿಪಿಕಾರರ ಪ್ರಮಾದ ಓಲೆಗರಿಯ ಕಾಲಕ್ಕೆ ಮುಗಿಯಲಿಲ್ಲ. ಆದ್ದರಿಂದ ಹಳಗನ್ನಡದ ಉದ್ಧರಣೆಗಳನ್ನು ಯಂತ್ರಕ್ಕೆ ಹೇಳುವುದೇ ಬೇಡ. ಮುದ್ರಿತ ಪ್ರತಿಯನ್ನು ಎದುರಿಗಿಟ್ಟುಕೊಂಡು ಕೈಯಿಂದಲೇ ಸೇರಿಸಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಇನ್ನು ಗದ್ಯದ ಮಾತು. ಹೇಳಿ ಬರೆಸಿದರೆ ಶೈಲಿ ಕೆಡುತ್ತದೆ, ಗ್ರಾಂಥಿಕ ಭಾಷೆ ಆಡುಮಾತಿನ ಕೆಸರಿಗೆ ಬೀಳುತ್ತದೆ ಎಂದು ನನ್ನ ಮಿತ್ರರು ಆತಂಕಪಡುತ್ತಾರೆ. ನನ್ನ ಅನುಭವ ಬೇರೆ. ನಮ್ಮ ಸಂಶೋಧನ ಗದ್ಯ ಈಗಾಗಲೇ ಬೇರೊಂದು ಕೆಸರಿನಲ್ಲಿ ಕುತ್ತಿಗೆಯವರೆಗೆ ಮುಳುಗಿದೆ. ‘ಎಂಬುದನ್ನು ಈ ಹಿನ್ನೆಲೆಯಲ್ಲಿ ಗುರುತಿಸಬಹುದಾಗಿದೆ’, ‘ಎಂಬ ಅಂಶವು ಕಂಡುಬರುತ್ತದೆ ಎಂದು ಹೇಳಲು ಸಾಧ್ಯವಾಗುತ್ತದೆ’ ಇಂಥ ವಾಕ್ಯಗಳಿಲ್ಲದ ಮಹಾಪ್ರಬಂಧವನ್ನು ತೋರಿಸಿದವರಿಗೆ ನಾನು ಋಣಿ. ಯಾರು ಗುರುತಿಸಿದರು, ಯಾರು ಕಂಡರು ಎಂಬುದನ್ನು ಮರೆಸುವುದಕ್ಕಾಗಿಯೇ ಹುಟ್ಟಿದ ವಾಕ್ಯಗಳಿವು. ಬೆರಳುಗಳು ಇಂಥ ವಾಕ್ಯವನ್ನು ನಾಚಿಕೆಯಿಲ್ಲದೆ ಬರೆಯುತ್ತವೆ. ನಾಲಗೆಗೆ ಅಷ್ಟು ಧೈರ್ಯವಿಲ್ಲ. ಕೋಣೆಯಲ್ಲಿ ಒಬ್ಬನೇ ಕುಳಿತು ಗಟ್ಟಿಯಾಗಿ ‘ಗುರುತಿಸಬಹುದಾಗಿದೆ’ ಎಂದು ಹೇಳಿ ನೋಡಿ. ಮಗ್ಗುಲಲ್ಲಿ ಯಾರೋ ನಕ್ಕಂತಾಗುತ್ತದೆ. ಹೇಳಿ ಬರೆಸಲು ತೊಡಗಿದ ಮೇಲೆ ನನ್ನ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರ ವಾಕ್ಯಗಳಿಗೆ ಕರ್ತೃಪದ ಮರಳಿ ಬಂದಿದೆ. ‘ನಾನು ಹೀಗೆ ಭಾವಿಸುತ್ತೇನೆ’ ಎಂದು ಬರೆಯುವ ಕನ್ನಡ ವಿದ್ಯಾರ್ಥಿಯನ್ನು ಕಂಡು ಎಷ್ಟೋ ವರ್ಷಗಳಾಗಿದ್ದವು.

ದೋಷವೂ ಇದೆ, ಇಲ್ಲವೆನ್ನುವುದಿಲ್ಲ. ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಹೆನ್ರಿ ಜೇಮ್ಸ್ ಕೈನೋವಿನಿಂದಾಗಿ 1897ರ ಸುಮಾರಿಗೆ ತನ್ನ ಕಾದಂಬರಿಗಳನ್ನು ಬೆರಳಚ್ಚುಗಾರರಿಗೆ ಹೇಳಿ ಬರೆಸತೊಡಗಿದ ಮೇಲೆ ಅವನ ವಾಕ್ಯಗಳು ಸುತ್ತಿ ಸುತ್ತಿ ನೀಳವಾದವೆಂದು ಹೇಳುವುದುಂಟು. ಎದುರಿಗೆ ಯಂತ್ರದ ಟಕಟಕ ಸದ್ದಿಲ್ಲದಿದ್ದರೆ ಕೊನೆಕೊನೆಗೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲವಂತೆ. ನಮ್ಮ ಹುಡುಗರು ಹೇಳಿ ಬರೆಸಿದ ಕರಡಿನಲ್ಲೂ ಒಂದೇ ಮಾತು ಮೂರು ವೇಷ ಹಾಕಿ ಬರುತ್ತದೆ. ಸಾಲದ್ದಕ್ಕೆ ಎಷ್ಟೋ ವೇಳೆ ಯಂತ್ರ ಪೂರ್ಣವಿರಾಮವನ್ನಾಗಲಿ ಅಲ್ಪವಿರಾಮವನ್ನಾಗಲಿ ಹಾಕುವುದಿಲ್ಲ. ಪುಟ ಪೂರ್ತಿ ಒಂದೇ ಉಸಿರು. ಹೊಯ್ಸಳರ ಕಾಲದ ಶಾಸನಗಳಲ್ಲೂ ಶಬ್ದ ಶಬ್ದಗಳ ನಡುವೆ ಎಡೆಯಿರುವುದಿಲ್ಲ. ಅರ್ಥ ಬಲ್ಲವನು ಮಾತ್ರ ಬಿಡಿಸಿ ಓದಬಲ್ಲ. ಅಂಥ ಶಾಸನವನ್ನು ಓದುವಷ್ಟೇ ಶ್ರಮಪಟ್ಟು ತನ್ನ ಕರಡನ್ನು ತಾನೇ ಓದಿ ಬಿಡಿಸಬೇಕೆಂಬುದನ್ನು ವಿದ್ಯಾರ್ಥಿ ಅರಿತಿರಬೇಕು. ಹಲಗೆ ಬಳಪಗಳನ್ನು ಹಿಡಿಯದೆ, ಬರೆದದ್ದನ್ನು ಅಳಿಸದೆ ಕಾವ್ಯ ಕಟ್ಟಿದೆನೆಂಬ ಅಗ್ಗಳಿಕೆ ಕುಮಾರವ್ಯಾಸನಿಗೆ ಸಲ್ಲುತ್ತದೆ. ಉಳಿದ ನಾವೆಲ್ಲ ಅಳಿಸಿ ಬರೆಯುವ ಜಾತಿಯವರು.

ಇಷ್ಟರವರೆಗೆ ಹೇಳಿದ ತೊಂದರೆಗಳಿಗೆಲ್ಲ ಎಚ್ಚರವೇ ಮದ್ದು. ಎಚ್ಚರದಿಂದ ಪರಿಹಾರವಾಗದ ಒಂದು ಸಂಗತಿ ಉಳಿದಿದೆ. ನನ್ನನ್ನು ಈ ಲೇಖನಕ್ಕೆ ಕೂರಿಸಿದ್ದು ಅದೇ.

ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧಕ್ಕೆಂದು ತನ್ನ ಅಜ್ಜಿಯಿಂದ ಸೋಬಾನೆ ಪದಗಳನ್ನೂ ಕಥೆಗಳನ್ನೂ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದಿದ್ದಳು. ಗಂಟೆಗಟ್ಟಲೆ ಮುದ್ರಿಕೆ. ಅದನ್ನೆಲ್ಲ ಕೇಳಿ ಕೇಳಿ ಬರೆದುಕೊಳ್ಳುವ ಬದಲು ಯಂತ್ರಕ್ಕೇ ಕೇಳಿಸಿದರೆ ಹೇಗೆ ಎಂಬ ಸಹಜವಾದ ಆಲೋಚನೆ ಅವಳಿಗೆ ಬಂತು. ಮರುವಾರ ಬಂದು ಹೇಳಿದಳು: ‘ಸಾರ್, ನ��ನು ಹೇಳೋದು ಅದಕ್ಕೆ ಗೊತ್ತಾಗುತ್ತೆ. ನಮ್ಮಜ್ಜಿ ಹೇಳೋದು ಗೊತ್ತಾಗಲ್ಲ.’ ಅವಳು ತಂದ ಹಾಳೆಗಳನ್ನು ನೋಡಿದೆ. ಅಜ್ಜಿ ‘ಅವ್ಳು ಕೆರೆಗೆ ಓದ್ಲು’ ಎಂದಿದ್ದರೆ, ಯಂತ್ರ ‘ಅವಳು ಕೆರೆಗೆ ಓದಲು’ ಎಂದು ಬರೆದಿತ್ತು. ಜನ್ಮದಲ್ಲಿ ಸ್ಲೇಟು ಹಿಡಿಯದ ಹೆಣ್ಣುಮಕ್ಕಳ ಕಥೆಯಲ್ಲಿ ಎಲ್ಲರೂ ಎಲ್ಲೆಲ್ಲಿಗೋ ಓದಲು ಹೋಗುತ್ತಿದ್ದರು. ‘ಆಲು ಕರೆದು’ ಎಂಬುದು ‘ಆಲೂ ಕರಿದು’ ಆಗಿತ್ತು. ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರಾದದ್ದೇನೋ ಸರಿ.

ಹುಡುಗಿಯ ಮುಖದಲ್ಲಿ ನಗುವಿಗಿಂತ ನಾಚಿಕೆ ಹೆಚ್ಚಾಗಿತ್ತು. ‘ಅಜ್ಜಿಗೆ ಹಕಾರ ಬರಲ್ಲ ಸಾರ್’ ಎಂದಳು, ತಪ್ಪೊಪ್ಪಿಕೊಳ್ಳುವವಳಂತೆ. ಕನ್ನಡ ಅಧ್ಯಾಪಕನಾದವನು ಸುಮ್ಮನಿರಲಾಗದ ಗಳಿಗೆ ಅದು. ಪಾಲ್ ಎಂಬುದು ಹಳಗನ್ನಡ. ಪಕಾರ ಸಡಿಲಗೊಂಡು ಹಾಲು ಆಯಿತು. ಹಕಾರವೂ ಸಡಿಲಗೊಂಡು ಆಲು ಆಯಿತು. ಪೋದಳ್, ಹೋದಳು, ಓದ್ಲು. ಪಂಪನ ಕಿವಿಗೆ ನಮ್ಮ ‘ಹಾಲು’ ಕೂಡ ಪಾಮರರ ಅಪಭ್ರಂಶವಾಗಿಯೇ ಕೇಳಿಸುತ್ತಿತ್ತೇನೋ. ಪೊಯ್ಸಳರು ಹೊಯ್ಸಳರಾದದ್ದು ಈ ನೆಲದಲ್ಲೇ, ಈ ಹಾದಿಯಲ್ಲೇ. ಅವರನ್ನು ಯಾರೂ ತಿದ್ದಲಿಲ್ಲ. ಆ ಅಜ್ಜಿ ತಪ್ಪು ಮಾತಾಡುತ್ತಿಲ್ಲ. ಕನ್ನಡ ನಡೆದುಬಂದ ಹಾದಿಯಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ನಿಂತಿದ್ದಾಳೆ. ಇದನ್ನು ಹೇಳಿದಾಗ ಹುಡುಗಿ ನಂಬಿದಳೋ ಇಲ್ಲವೋ ತಿಳಿಯದು. ಯಂತ್ರದ ಪರದೆಯ ಮೇಲೆ ಅಚ್ಚುಕಟ್ಟಾಗಿ ಮೂಡಿದ ಅಕ್ಷರದ ಎದುರಿಗೆ ಅಧ್ಯಾಪಕನ ಬಾಯಿಮಾತಿಗೆ ತೂಕ ಕಡಮೆ.

ಇಲ್ಲಿ ಯಂತ್ರ ಮಾಡಿದ್ದು ಕಿವಿಯ ತಪ್ಪೆಂದು ಬಿಟ್ಟುಬಿಡುವಂತಿಲ್ಲ. ಅದು ಕಲಿತದ್ದು ಯಾರ ಮಾತನ್ನು ಎಂಬ ಪ್ರಶ್ನೆ ಇದೆ. ಬಹುಪಾಲು ಓದುಬಲ್ಲವರ, ಪಟ್ಟಣದವರ ಕನ್ನಡವನ್ನು ಕೇಳಿ ಬೆಳೆದ ಯಂತ್ರ ಉಳಿದವರ ಕನ್ನಡವನ್ನು ಆ ಅಚ್ಚಿಗೆ ಎರೆಯುತ್ತದೆ. ಜೀ. ಶಂ. ಪರಮಶಿವಯ್ಯನವರ ತಲೆಮಾರಿನ ಜಾನಪದ ವಿದ್ವಾಂಸರು ಟೇಪ್ ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ಸುತ್ತಿ, ಹಾಡುವವರ ಬಾಯಿಂದ ಬಂದ ಉಚ್ಚಾರಣೆಯನ್ನು ಉಳಿಸಿಕೊಳ್ಳಲೆಂದು ಒಂದೊಂದು ಸಾಲನ್ನು ಹಲವು ಬಾರಿ ಹಿಂದಕ್ಕೆ ತಿರುಗಿಸಿ ಕೇಳಿ ಬರೆದರು. ಆ ಶ್ರಮವನ್ನು ಉಳಿಸಲು ಹೋಗಿ ನಾವು ಹಾಡನ್ನೇ ಕಳೆದುಕೊಳ್ಳಬಾರದು. ಶಿಷ್ಟ ಕನ್ನಡಕ್ಕೆ ತಿದ್ದಿಕೊಂಡ ಜನಪದ ಗೀತೆ ನೂರು ವರ್ಷದ ಮೇಲೆ ಭಾಷಾಶಾಸ್ತ್ರಜ್ಞನ ಕೈಗೆ ಸಿಕ್ಕರೆ, ಬಾಣಾವರದ ಸುತ್ತಿನ ಹೆಂಗಸರು ಪಠ್ಯಪುಸ್ತಕದಂತೆ ಮಾತಾಡುತ್ತಿದ್ದರೆಂದು ಅವನು ತಿಳಿದಾನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಜನರ ಮಾತನ್ನು ಸಂಗ್ರಹಿಸುವ ಕಾರ್ಯ ಕೈಗೊಂಡಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರಲ್ಲಿ ಆರಂಭವಾಗಿದೆ. ಸಂತೋಷದ ವಿಷಯ. ಆದರೆ ಇಂಥ ಕಾರ್ಯ ಎಂಜಿನಿಯರುಗಳದ್ದೆಂದು ಭಾವಿಸಿ ಕನ್ನಡ ವಿಭಾಗಗಳು ಕೈಕಟ್ಟಿ ಕುಳಿತಿರುವುದು ಸರಿಯಲ್ಲ. ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ಕನ್ನಡ ನಿಘಂಟಿನ ಶಬ್ದಸಂಪತ್ತು ಈ ಯಂತ್ರಗಳಿಗೆ ದೊರೆಯಬೇಕು. ಆಗ ಚಂಪೂ ಸ್ನಾನದ ಮನೆಯಿಂದ ಹೊರಬಂದೀತು. ಹಾಗೆಯೇ ಒಂದೊಂದು ತಾಲೂಕಿನ ಕಾಲೇಜಿನ ಕನ್ನಡ ವಿಭಾಗವೂ ವರ್ಷಕ್ಕೆ ಕೆಲವೇ ಗಂಟೆಗಳಷ್ಟಾದರೂ ತನ್ನ ಸುತ್ತಿನ ಮಾತನ್ನು ಧ್ವನಿಮುದ್ರಿಸಿ, ಕೇಳಿದ್ದನ್ನು ಕೇಳಿದಂತೆಯೇ ಕೈಯಿಂದ ಬರೆದು ಜೋಡಿಸಿಡಲಿ. ‘ಓದ್ಲು’ ಎಂದರೆ ಹೋದಳು ಎಂದು ಯಂತ್ರಕ್ಕೆ ಹೇಳಿಕೊಡಬೇಕಾದವರು ನಾವೇ. ಬೇರೆ ಯಾರಿಗೆ ತಿಳಿದಿದೆ?

ಈ ವರ್ಷ ನನ್ನ ಬಳಿ ಕಿರುಪ್ರಬಂಧ ಬರೆಯುವವರಿಗೆ ನಾನು ಹಾಕಿಕೊಟ್ಟಿರುವ ಕಟ್ಟಳೆ ಸರಳವಾದದ್ದು. ತಮ್ಮ ವಿಚಾರವನ್ನು ಅವರು ಯಂತ್ರಕ್ಕೆ ಧಾರಾಳವಾಗಿ ಹೇಳಿ ಬರೆಸಬಹುದು. ಕರಡನ್ನು ಸಹಪಾಠಿಯೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಆ ಸಹಪಾಠಿ ಅರ್ಥವಾಗದ ಕಡೆ ತಡೆದು ನಿಲ್ಲಿಸಬೇಕು. ವ್ಯಾಸರ ಕರಾರು ಆಗ ನೆರವೇರಿದಂತಾಗುತ್ತದೆ. ಪ್ರಾಚೀನ ಕಾವ್ಯದ ಉದ್ಧರಣೆಯನ್ನೂ ಬೇರೆಯವರ ಬಾಯಿಮಾತನ್ನೂ ಕೈಯಿಂದಲೇ ಬರೆಯಬೇಕು.

ಇನ್ನೊಂದನ್ನು ವಿಶ್ವವಿದ್ಯಾನಿಲಯಗಳು ಒಪ್ಪುವುದಾದರೆ ಜಾರಿಗೆ ತರಬಹುದು. ನಮ್ಮ ಶಾಸನಗಳಲ್ಲಿ ಎಷ್ಟೋ ವೇಳೆ ಕೊನೆಗೆ ಪದ್ಯ ರಚಿಸಿದವನ ಹೆಸರು, ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಬೇರೆ ಬೇರೆಯಾಗಿ ಬರುತ್ತವೆ. ಅಮೃತಪುರದ ಶಾಸನಕ್ಕೆ ಮಾತು ಕೊಟ್ಟವನು ಜನ್ನನಂಥ ಮಹಾಕವಿ. ಉಳಿ ಹಿಡಿದ ಕೈ ಬೇರೆಯದು. ಅದರಿಂದ ಜನ್ನನ ಕವಿತ್ವಕ್ಕೆ ಕುಂದಾಗಲಿಲ್ಲ, ಕಂಡರಿಸಿದವನಿಗೂ ಅವಮಾನವಾಗಲಿಲ್ಲ. ಪ್ರಬಂಧದ ಕೊನೆಯ ಪುಟದಲ್ಲೂ ಹಾಗೆ ಮೂರು ಸಾಲುಗಳಿರಲಿ: ಹೇಳಿದವರು ಯಾರು, ಬರೆದ ತಂತ್ರಾಂಶ ಯಾವುದು, ಕೇಳಿ ತಿದ್ದಿದವರು ಯಾರು. ಮೂರನೆಯ ಸಾಲು ಖಾಲಿ ಬಿಟ್ಟ ಪ್ರಬಂಧವನ್ನು ಪರೀಕ್ಷಕರು ಹಿಂದಕ್ಕೆ ಕಳುಹಿಸಲಿ.